ಕೆಟ್ಟ ಹುಲ್ಲುಹಾಸಿಗೆ ಮರುಜೀವ

ವಡಪಳನಿ ಎಂದೊಡನೆ ಕನ್ನಡಿಗರ ನೆನಪಿಗೆ ಬರುವುವು ಎರಡು: ಒಂದು, ಮುರುಗನ ದೇವಾಲಯ, ಇನ್ನೊಂದು, ಚಲನಚಿತ್ರ ಸ್ಟುಡಿಯೋಗಳು. ಕನ್ನಡ ಚಿತ್ರೋದ್ಯಮವು ಬೆಂಗಳೂರಿನಲ್ಲಿ ನೆಲೆಯೂರುವುದಕ್ಕೆ ಮೊದಲು ಅನೇಕ ಕನ್ನಡ ಚಿತ್ರಗಳು ಇಲ್ಲಿಯ ಮತ್ತು ನೆರೆಹೊರೆಯ ಸ್ಟುಡಿಯೋಗಳಲ್ಲಿಯೇ ಸಿದ್ಧವಾದುವು. ಇಂದು ಈ ಬಡಾವಣೆಯ ಬಹುಭಾಗವನ್ನು ಬಹುಮಹಡಿ ಕಟ್ಟಡಗಳು ಆಕ್ರಮಿಸಿವೆ. ಆದರೂ ಉಳಿದಿರುವ ಹಳೆಯ ಮನೆಗಳ ಮುಂದೆ ಒಂದು ತುಂಡು ಹಸಿರನ್ನು ಬೆಳೆಸಿಕೊಳ್ಳುವ ಆಸೆ ಊರು ಬಿಟ್ಟು ಬಂದವರಲ್ಲಿ ಬತ್ತಿಲ್ಲ. ದುರದೃಷ್ಟವೆಂದರೆ, ಈ ಹುಲ್ಲುಹಾಸು ಮೇ ತಿಂಗಳಿನಲ್ಲಿ ಕಂದುತ್ತದೆ, ಡಿಸೆಂಬರಿನಲ್ಲಿ ಕೊಳೆಯುತ್ತದೆ, ನಡುನಡುವೆ ಬೋಳಾದ ತೇಪೆಗಳು ಕಾಣಿಸಿಕೊಳ್ಳುತ್ತವೆ.

ಹೀಗಾದಾಗ ಸಾಮಾನ್ಯವಾಗಿ ನಡೆಯುವ ಚಿಕಿತ್ಸೆ ಎರಡೇ ಬಗೆಯದು: ಇನ್ನಷ್ಟು ನೀರು, ಇನ್ನಷ್ಟು ಗೊಬ್ಬರ. ನಿದಾನವಿಲ್ಲದೆ ಔಷಧ ಕೊಡುವುದು ದೇಹಕ್ಕೆ ಹೇಗೆ ಅಪಾಯವೋ ನೆಲಕ್ಕೂ ಹಾಗೆಯೇ. ಕೆಟ್ಟ ಹುಲ್ಲುಹಾಸನ್ನು ಸರಿಪಡಿಸುವ ಕೆಲಸದಲ್ಲಿ ಅರ್ಧಭಾಗವು ಅದು ಏಕೆ ಕೆಟ್ಟಿತು ಎಂಬುದನ್ನು ತಿಳಿಯುವುದೇ ಆಗಿದೆ.

ಊರಿನ ವಾಡಿಕೆ, ಇಲ್ಲಿಯ ನೆಲ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬೇಸಿಗೆಯ ರಾತ್ರಿಗಳೂ ತಂಪಾಗಿರುತ್ತವೆ. ಚೆನ್ನೈ ಕಡಲಂಚಿನ ತಗ್ಗುನೆಲ. ಇಲ್ಲಿ ರಾತ್ರಿಯೂ ಸೆಕೆ ತಗ್ಗದು. ವರ್ಷಕ್ಕೆ ಸರಾಸರಿ 1,400 ಮಿಲಿಮೀಟರಿನಷ್ಟು ಮಳೆಯಾದರೂ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನಲ್ಲಿ ಸುರಿದುಹೋಗುತ್ತದೆ. ಹೀಗಾಗಿ ಒಂದೇ ನೆಲವು ಕೆಲವು ತಿಂಗಳು ಬಾಯಾರಿಕೆಯನ್ನೂ ಕೆಲವು ವಾರ ಜಲಬಾಧೆಯನ್ನೂ ಅನುಭವಿಸಬೇಕಾಗುತ್ತದೆ. ಊರಿನ ತೋಟಗಾರಿಕೆಯ ವಾಡಿಕೆಯನ್ನು ಇಲ್ಲಿಗೆ ಹಾಗೆಯೇ ತಂದರೆ ಫಲ ಸಿಗದಿರುವುದಕ್ಕೆ ಇದೇ ಮುಖ್ಯ ಕಾರಣ.

ಕಾರಣಗಳನ್ನು ಗುರುತಿಸುವ ಬಗೆ

ಮೊದಲನೆಯದಾಗಿ ನೆರಳನ್ನು ಗಮನಿಸಬೇಕು. ಗರಿಕೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಪಕ್ಕದಲ್ಲಿ ನಾಲ್ಕು ಮಹಡಿಯ ಕಟ್ಟಡವೆದ್ದ ಮೇಲೆ ಹುಲ್ಲು ತೆಳುವಾಗಿದ್ದರೆ ಯಾವ ಗೊಬ್ಬರವೂ ಅದನ್ನು ಉಳಿಸಲಾರದು.

ಎರಡನೆಯದು ಗಟ್ಟಿನೆಲ. ತೇವವಿರುವಾಗ ಒಂದು ಕಬ್ಬಿಣದ ಸರಳನ್ನು ನೆಲಕ್ಕೆ ಒತ್ತಿ ನೋಡಬೇಕು. ಅದು ಎರಡು ಅಂಗುಲ ಇಳಿಯುವಷ್ಟರಲ್ಲೇ ನಿಂತರೆ, ಕೆಳಗೆ ಮನೆ ಕಟ್ಟಿದಾಗಿನ ಇಟ್ಟಿಗೆ, ಗಾರೆಯ ಚೂರುಗಳಿರಬಹುದು; ಅಥವಾ ಜೇಡಿಮಣ್ಣು ಕಾಲ್ತುಳಿತದಿಂದ ಬಿಗಿದುಕೊಂಡಿರಬಹುದು.

ಮೂರನೆಯದು ಉಪ್ಪು. ಚೆನ್ನೈಯ ಅನೇಕ ಕೊಳವೆಬಾವಿಗಳ ನೀರು ಸವಳು. ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿ ಎಲೆಯ ತುದಿ ಸುಟ್ಟಂತಾದರೆ ಇದನ್ನು ಶಂಕಿಸಬೇಕು. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಹುಲ್ಲಿಗೆ ಬಿಡುವವರುಂಟು. ಉದ್ದೇಶ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಲವಣಾಂಶ ಇನ್ನೂ ಹೆಚ್ಚಿರುತ್ತದೆ ಎಂಬುದನ್ನು ಮರೆಯಬಾರದು.

ನಾಲ್ಕನೆಯದು ಕ್ರಿಮಿಬಾಧೆ. ಒಣಗಿದ ಹುಲ್ಲನ್ನು ಹಿಡಿದೆತ್ತಿದಾಗ ಚಾಪೆಯಂತೆ ಸುಲಭವಾಗಿ ಎದ್ದುಬಂದರೆ ಬೇರನ್ನು ಗೊಣ್ಣೆಹುಳು ತಿಂದಿರುವ ಸಂಭವವಿದೆ.

ಕೊನೆಯದು ಮನುಷ್ಯನ ಕೈವಾಡ: ಬುಡದವರೆಗೆ ಕತ್ತರಿಸುವುದು ಮತ್ತು ದಿನವೂ ಚೂರುಚೂರು ನೀರು ಚಿಮುಕಿಸುವುದು. ಮೇಲ್ಮಣ್ಣು ಮಾತ್ರ ನೆನೆದರೆ ಬೇರು ಮೇಲೆಯೇ ಉಳಿಯುತ್ತದೆ. ಹೀಗೆ ಬೆಳೆದ ಹುಲ್ಲು ಎರಡು ದಿನದ ಬಿಸಿಲನ್ನೂ ತಾಳದು.

ಸರಿಪಡಿಸುವ ಕ್ರಮ

ಬೆಚ್ಚನೆಯ ನಾಡಿನ ಹುಲ್ಲು ಸೆಕೆಯಲ್ಲಿಯೇ ಚುರುಕಾಗಿ ಹಬ್ಬುತ್ತದೆ. ಆದುದರಿಂದ ಚೆನ್ನೈಯಲ್ಲಿ ಜುಲೈಯಿಂದ ಸೆಪ್ಟೆಂಬರಿನವರೆಗಿನ ಕಾಲ ದುರಸ್ತಿಗೆ ಅನುಕೂಲ. ಆಗ ಸಂಜೆಯ ಗುಡುಗುಮಳೆಗಳು ನೆರವಾಗುತ್ತವೆ. ಹಿಂಗಾರಿನ ಜಡಿಮಳೆಗೆ ಮುನ್ನ ಬೇರೂರಲು ಅವಕಾಶವೂ ದೊರೆಯುತ್ತದೆ.

ಬೋಳು ತೇಪೆಗಳನ್ನು ಆರು ಅಂಗುಲ ಆಳ ಅಗೆದು, ಕಲ್ಲುಚೂರುಗಳನ್ನು ಆರಿಸಿ ತೆಗೆಯಬೇಕು. ಜೇಕಿನ ಗಡ್ಡೆಗಳನ್ನು ಒಂದೊಂದಾಗಿ ಹುಡುಕಿ ಕೀಳುವುದು ಅತ್ಯಾವಶ್ಯಕ. ಮೇಲಿನ ಎಲೆಯನ್ನಷ್ಟೇ ಕಿತ್ತರೆ ನೆಲದೊಳಗಿನ ಗಡ್ಡೆ ಮತ್ತೆ ಚಿಗುರುತ್ತದೆ. ಬಳಿಕ ಚೆನ್ನಾಗಿ ಕಳಿತ ಗೊಬ್ಬರವನ್ನೂ ಸ್ವಲ್ಪ ಬೇವಿನ ಹಿಂಡಿಯನ್ನೂ ಬೆರೆಸಿ, ನೀರು ನಿಲ್ಲದಂತೆ ಇಳಿಜಾರು ಕೊಟ್ಟು ಸಮಮಾಡಬೇಕು. ಉಪ್ಪಿನ ನೆಲವಾದರೆ ಒಳ್ಳೆಯ ನೀರಿನಿಂದ ನೆನೆಸಿ ಲವಣವನ್ನು ಕೆಳಕ್ಕೆ ಇಳಿಸಬೇಕು. ಜಿಪ್ಸಂ ಹಾಕುವುದಾದರೆ ಮಣ್ಣು ಪರೀಕ್ಷೆಯ ನಂತರವೇ ಹಾಕತಕ್ಕದ್ದು.

ಬೇರುಸಹಿತವಾದ ಹುಲ್ಲಿನ ತುಂಡುಗಳನ್ನು ಮೂರು ನಾಲ್ಕು ಅಂಗುಲಗಳ ಅಂತರದಲ್ಲಿ ನೆಟ್ಟು ಒತ್ತಿದರೆ, ಎರಡು ಮೂರು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಮೊದಲ ಎರಡು ವಾರ ಮಾತ್ರ ದಿನವೂ ತೇವವಿರಬೇಕು. ಅನಂತರ ವಾರಕ್ಕೆ ಒಂದೆರಡು ಸಲ, ಆಳಕ್ಕೆ ಇಳಿಯುವಂತೆ, ಬೆಳಗಿನ ಹೊತ್ತು ನೀರುಣಿಸಬೇಕು. ಒಂದು ಅಂಗುಲ ನೀರೆಂದರೆ 100 ಚದರಡಿಗೆ ಸುಮಾರು 230 ಲೀಟರ್. ಯೂರಿಯಾ ಕೊಡುವುದಾದರೆ ಅಷ್ಟೇ ಜಾಗಕ್ಕೆ ಒಂದು ಸಲಕ್ಕೆ 100 ಗ್ರಾಂ ಮೀರಬಾರದು. ಹಾಕಿದೊಡನೆ ನೀರು ಹಾಯಿಸಬೇಕು. ಗರಿಕೆಯನ್ನು ಒಂದರಿಂದ ಒಂದೂವರೆ ಅಂಗುಲ ಎತ್ತರ ಉಳಿಸಿ ಕತ್ತರಿಸಬೇಕು; ಒಮ್ಮೆಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

2015ರ ಡಿಸೆಂಬರಿನ ನೆರೆಯಂತಹ ಸಂದರ್ಭದಲ್ಲಿ ಕೆಸರು ಹುಲ್ಲನ್ನು ಮುಚ್ಚಿದರೆ, ಅದನ್ನು ಬೇಗನೆ ಕೆರೆದು ತೆಗೆಯಬೇಕು. ಆದರೆ ನೆನೆದ ಜೇಡಿಯ ಮೇಲೆ ಓಡಾಡಿದರೆ ನೆಲ ಕಲ್ಲಾಗುವುದರಿಂದ ಹಲಗೆಯ ಮೇಲೆ ನಿಂತು ಈ ಕೆಲಸ ಮಾಡುವುದು ಲೇಸು.

ಆರೋಗ್ಯದ ದೃಷ್ಟಿಯಿಂದ

ಹುಲ್ಲು ನೀರಾವಿಯನ್ನು ಹೊರಬಿಡುವುದರಿಂದ ಅದರ ಮೇಲ್ಮೈ ಸಿಮೆಂಟಿನ ಅಂಗಳಕ್ಕಿಂತ ತಂಪಾಗಿರುತ್ತದೆ. ಮಕ್ಕಳಿಗೆ ಆಟಕ್ಕೂ ಹಿರಿಯರಿಗೆ ನಡೆದಾಟಕ್ಕೂ ಇದು ಹಿತ. ಇಬ್ಬನಿಯ ಮೇಲೆ ನಡೆದರೆ ಕಣ್ಣಿನ ದೋಷ ನೀಗುತ್ತದೆಂಬ ನಂಬಿಕೆಗೆ ವೈದ್ಯಕೀಯ ಆಧಾರವಿಲ್ಲ. ಮನಸ್ಸಿಗೆ ಮುದವಾಗುವುದಂತೂ ನಿಜ. ನಾಯಿ ಬೆಕ್ಕುಗಳು ಮಲವಿಸರ್ಜಿಸುವ ಜಾಗದಲ್ಲಿ ಬರಿಗಾಲಿನಲ್ಲಿ ನಡೆದರೆ ಕೊಕ್ಕೆಹುಳುವಿನ ಮರಿಗಳು ಚರ್ಮವನ್ನು ಹೊಗಬಲ್ಲುವು. ನೆರೆಯ ನೀರಿನಲ್ಲಿ ಇಲಿಜ್ವರದ ಭೀತಿಯುಂಟು. ಆಗ ಕಾಲಿಗೆ ಬೂಟು, ಕೈಗೆ ಗವಸು ಇರಲೇಬೇಕು. ಮಣ್ಣಿನಲ್ಲಿ ಗಾಯವಾದರೆ ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ತಗ್ಗಿನಲ್ಲಿ ನೀರು ಒಂದು ವಾರ ನಿಂತರೆ ಸೊಳ್ಳೆಗಳ ಸಂತಾನಕ್ಕೆ ಅಷ್ಟೇ ಸಾಕು. ಬೇಸಿಗೆಯಲ್ಲಿ ಅಗೆಯುವ ಕೆಲಸವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸುವುದು ಕ್ಷೇಮ.

ಎಷ್ಟು ಹಸಿರು ಸಾಕು?

2019ರ ಬೇಸಿಗೆಯಲ್ಲಿ ನಗರದ ಜಲಾಶಯಗಳು ಬತ್ತಿ, ಕೊಡ ಹಿಡಿದ ಜನ ಲಾರಿಯ ಮುಂದೆ ಸಾಲುಗಟ್ಟಿ ನಿಂತುದನ್ನು ಇಲ್ಲಿಯವರು ಮರೆತಿಲ್ಲ. ಅಂತಹ ಊರಿನಲ್ಲಿ ಕುಡಿಯುವ ನೀರನ್ನು ಹುಲ್ಲಿಗೆ ಸುರಿಯುವುದು ಯೋಗ್ಯವಲ್ಲ. ಬರಗಾಲದಲ್ಲಿ ಗರಿಕೆ ಕಂದಿದರೂ ನೆಲದೊಳಗಿನ ಕಾಂಡ ಜೀವ ಹಿಡಿದುಕೊಂಡು ಮಳೆಗೆ ಚಿಗುರುತ್ತದೆ; ಒಣಗಿತೆಂದು ಕಿತ್ತೆಸೆಯುವುದು ಬೇಡ. ನೆರಳಿನ ಮೂಲೆಯನ್ನು ನೆರಳುಗಿಡಗಳಿಗೆ ಬಿಟ್ಟು, ಬಿಸಿಲು ಬೀಳುವಷ್ಟು ಜಾಗದಲ್ಲಿ ಮಾತ್ರ ಹುಲ್ಲನ್ನು ಉಳಿಸಿಕೊಂಡರೆ ನೀರೂ ಶ್ರಮವೂ ಉಳಿಯುತ್ತವೆ.

ತಮಿಳರು ಅರುಗಂಪುಲ್ ಎನ್ನುವ, ಕನ್ನಡಿಗರು ಚೌತಿಯಂದು ಗಣಪತಿಗೆ ಅರ್ಪಿಸುವ ಗರಿಕೆ ಎರಡೂ ನಾಡುಗಳದು. ಅದರ ಕುಡಿ ಹರಿದು ನೆಲ ಮುಟ್ಟಿದ ಗೆಣ್ಣಿನಲ್ಲೆಲ್ಲ ಬೇರು ಬಿಡುತ್ತದೆ. ವಂಶವು ಗರಿಕೆಯಂತೆ ಹಬ್ಬಲೆಂದು ಹಿರಿಯರು ಹರಸುವುದು ಇದನ್ನು ಕಂಡೇ. ಹೊಸ ನೆಲದ ಗುಣವರಿತು ನಡೆದುಕೊಂಡರೆ ವಡಪಳನಿಯ ಅಂಗಳದಲ್ಲಿಯೂ ಅದು ಸೊಂಪಾಗಿ ಹಬ್ಬುವುದರಲ್ಲಿ ಸಂದೇಹವಿಲ್ಲ.