ಟೆನ್ಷನ್ ಇಳಿಸಿಕೊಳ್ಳುವ ದಾರಿ, ಮೈಗೆ ಬೀಳುವ ಪೆಟ್ಟು

ನಂಬಿಕೆ: ಒಂದು ಸಿಗರೇಟು ಸೇದಿದರೆ ಟೆನ್ಷನ್ ಇಳಿಯುತ್ತದೆ.

ಸತ್ಯ: ಇಳಿದಂತೆ ಅನ್ನಿಸುವುದು ಸುಳ್ಳಲ್ಲ. ಇಳಿದದ್ದು ಯಾವ ಟೆನ್ಷನ್ ಎಂದು ನೋಡಬೇಕು. ಸೇದಿದ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ, ಸುಮಾರು ಎರಡು ಗಂಟೆಯೊಳಗೆ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಆಗ ಶುರುವಾಗುವ ಚಡಪಡಿಕೆ, ಸಿಡಿಮಿಡಿ ಮೇಲಧಿಕಾರಿಯ ಬೈಗುಳದಿಂದಲೋ ಸಾಲದ ಕಂತಿನಿಂದಲೋ ಬಂತೆಂದು ಸೇದುವವರು ತಿಳಿಯುತ್ತಾರೆ. ಅದರಲ್ಲಿ ಎಷ್ಟೋ ಪಾಲು ಹಿಂದಿನ ಸಿಗರೇಟೇ ಹುಟ್ಟುಹಾಕಿದ್ದು. ಟೀ ಅಂಗಡಿ ಮುಂದೆ ನಿಂತು ಮೊದಲ ದಮ್ ಎಳೆದಾಗ ಬಿಗಿದ ಭುಜ ಸಡಿಲವಾಗುತ್ತದಲ್ಲ, ಅದೇ ಹೊತ್ತಿನಲ್ಲಿ ಎದೆಬಡಿತ ಏರಿರುತ್ತದೆ, ರಕ್ತನಾಳ ಕುಗ್ಗಿರುತ್ತದೆ, ಬಿಪಿ ಮೇಲೆ ಹೋಗಿರುತ್ತದೆ. ಮನಸ್ಸಿಗೆ ಹಗುರ, ಹೃದಯಕ್ಕೆ ಹೆಚ್ಚಿನ ದುಡಿತ.

ಬಿಟ್ಟರೆ ಟೆನ್ಷನ್ ಇನ್ನೂ ಜಾಸ್ತಿಯಾಗುತ್ತದೆ ಎಂಬ ಹೆದರಿಕೆ ಹಲವರದು. ಮೊದಲ ಕೆಲವು ವಾರ ಕಷ್ಟ, ಖಂಡಿತ. ಆದರೆ 26 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವರದಿಯ ಪ್ರಕಾರ, ಸೇದುತ್ತಲೇ ಹೋದವರಿಗೆ ಹೋಲಿಸಿದರೆ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ತಗ್ಗಿದ್ದವು. ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೆಯೇ. ಇದನ್ನು ವೈದ್ಯರು ಸೇದುವವರಿಗೆ ಬಿಡಿಸಿ ಹೇಳಬೇಕು. ಕ್ಯಾನ್ಸರ್ ಹೆದರಿಕೆಗೆ ಬಗ್ಗದವರೂ ಈ ಮಾತಿಗೆ ಕಿವಿಗೊಟ್ಟಾರು. ಬಿಡಲು ನೆರವು ಬೇಕಾದವರಿಗೆ 1800-11-2356 ಉಚಿತ ಸಹಾಯವಾಣಿ.

ನಂಬಿಕೆ: ರಾತ್ರಿ ಒಂದು ಪೆಗ್ ಹಾಕಿದರೆ ಒಳ್ಳೆ ನಿದ್ದೆ.

ಸತ್ಯ: ಕಣ್ಣು ಬೇಗ ಮುಚ್ಚುತ್ತದೆ, ಅಷ್ಟೇ. ಅಮಲು ಇಳಿಯುತ್ತ ಬಂದಂತೆ ನಡುರಾತ್ರಿಯ ನಂತರ ನಿದ್ದೆ ತುಂಡುತುಂಡಾಗುತ್ತದೆ, ಗೊರಕೆಯೂ ಹೆಚ್ಚುತ್ತದೆ.

ನಂಬಿಕೆ: ಸಿಟ್ಟನ್ನು ಕೂಗಾಡಿ, ಏನನ್ನಾದರೂ ಬಡಿದು ಹೊರಹಾಕಿದರೆ ಶಾಂತಿ.

ಸತ್ಯ: ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ ಇದನ್ನೇ ಪರೀಕ್ಷೆಗೆ ಒಡ್ಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಟ್ಟು ಬರಿಸಿದವನನ್ನು ನೆನೆಯುತ್ತ ಬಾಕ್ಸಿಂಗ್ ಚೀಲಕ್ಕೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ; ಎರಡು ನಿಮಿಷ ಸುಮ್ಮನೆ ಕೂತವರಿಗಿಂತ ಅವರೇ ಹೆಚ್ಚು ಕೆರಳಿದ್ದರು. ಹಾಗೆಂದು ಎಲ್ಲವನ್ನೂ ನುಂಗಿಕೊಂಡು ನಗುಮುಖ ಹೊತ್ತು ತಿರುಗುವುದೂ ಮೈಗೆ ಭಾರವೇ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿಕೊಟ್ಟಿರುವುದು ಇದನ್ನೇ ಎಂಬುದು ಸಂಕಟದ ಮಾತು. ಮುಖದಲ್ಲಿ ತೋರಗೊಡದೆ ಅದುಮಿಟ್ಟಾಗ ಒಳಗಿನ ಉದ್ವೇಗ ಕಡಿಮೆಯಾಗುವುದಿಲ್ಲ, ರಕ್ತನಾಳಗಳು ಇನ್ನಷ್ಟು ಬಿಗಿಯುತ್ತವೆ.

ಸಿಟ್ಟು ಬಂದಾಗ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡುತ್ತ ಹೋದರೆ ಎದೆಬಡಿತ ಆಗಲೇ ತಗ್ಗುತ್ತದೆ. ಸಿಟ್ಟು ತಣಿದ ಮೇಲೆ ನಂಬಿಕೆಯವರೊಬ್ಬರ ಬಳಿ ಕೂತು ಆದದ್ದನ್ನು ಹೇಳಿಕೊಳ್ಳಿ. ಹೇಳಿಕೊಳ್ಳಲು ಯಾರೂ ಇಲ್ಲದವರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು; ಹಗಲು ರಾತ್ರಿ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡುತ್ತಾರೆ.