ಮನೆಯ ಸರ್ವರ್‌ಗೆ ಪುಟ್ಟ ಕರ್ನೆಲ್

ಕುಟುಂಬದ ಫೋಟೊ, ಪಹಣಿಯ ಸ್ಕ್ಯಾನ್ ಪ್ರತಿ, ಗೇಟಿನ ಕ್ಯಾಮೆರಾದ ದೃಶ್ಯಗಳನ್ನು ಮನೆಯಲ್ಲೇ ಇಟ್ಟುಕೊಂಡು ಪರವೂರಿನಿಂದಲೂ ತೆರೆದು ನೋಡಲು ಅನುಕೂಲ ಮಾಡಿಕೊಡುವ ಕಂಪ್ಯೂಟರೇ ಹೋಮ್ ಸರ್ವರ್. ಹಳೆಯ ಲ್ಯಾಪ್‌ಟಾಪ್ ಕೂಡ ಈ ಕೆಲಸಕ್ಕೆ ಸಾಕು. ಆದರೆ ಹಗಲಿರುಳು ಅಂತರ್ಜಾಲಕ್ಕೆ ತೆರೆದಿರುವ ಯಂತ್ರವನ್ನು ದಾಳಿಕೋರರ ತಂತ್ರಾಂಶಗಳು ತಡಕುತ್ತಲೇ ಇರುತ್ತವೆ. ಒಂದು ಕಡೆ ಬಿರುಕು ಬಿಟ್ಟಾಗ ಹಾನಿ ಎಲ್ಲಿಯವರೆಗೆ ಹರಡುತ್ತದೆ ಎಂಬುದು ಬಹುಮಟ್ಟಿಗೆ ಕರ್ನೆಲ್‌ನ ರಚನೆಯನ್ನು ಅವಲಂಬಿಸಿದೆ.

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಯಂತ್ರದ ಮೇಲೆ ಪೂರ್ಣಾಧಿಕಾರ ಅದರದು. ಲಿನಕ್ಸ್‌ನಲ್ಲಿ ಯಂತ್ರಾಂಶಗಳನ್ನು ನಡೆಸುವ ಡ್ರೈವರ್‌ಗಳು, ಫೈಲ್ ಸಿಸ್ಟಮ್, ನೆಟ್‌ವರ್ಕ್ ವ್ಯವಸ್ಥೆ ಬಹುಪಾಲು ಈ ತಿರುಳಿನೊಳಗೇ ಇವೆ. ಅದರ ಮೂಲಸಂಕೇತ 3 ಕೋಟಿ ಸಾಲುಗಳನ್ನು ದಾಟಿದೆ. ಒಂದು ಯಂತ್ರದಲ್ಲಿ ಓಡುವುದು ಅದರ ಸಣ್ಣ ಭಾಗವೇ ಆದರೂ, ಆ ಭಾಗದ ಒಂದು ಡ್ರೈವರ್‌ನ ಲೋಪ ಇಡೀ ಯಂತ್ರವನ್ನು ಪರರ ಕೈಗೆ ಒಪ್ಪಿಸಬಲ್ಲದು.

ಇದಕ್ಕೆ ವ್ಯತಿರಿಕ್ತವಾಗಿ ಮೈಕ್ರೋಕರ್ನೆಲ್ ಎಂಬ ಪುಟ್ಟ ಕರ್ನೆಲ್ ತನ್ನ ಬಳಿ ಇಟ್ಟುಕೊಳ್ಳುವುದು ಮೂರೇ ಮುಖ್ಯ ಕೆಲಸ: ಮೆಮೊರಿಯ ವಿಂಗಡಣೆ, ಪ್ರೊಸೆಸರ್ ಸಮಯದ ಹಂಚಿಕೆ, ಘಟಕಗಳ ನಡುವೆ ಸಂದೇಶ ರವಾನೆ. ಉಳಿದದ್ದೆಲ್ಲ ಹೊರಗೆ, ಸಾಮಾನ್ಯ ಪ್ರೋಗ್ರಾಂಗಳಾಗಿ ನಡೆಯುತ್ತದೆ. 1980ರ ದಶಕದ ಮ್ಯಾಕ್ (Mach) ಕರ್ನೆಲ್ ಈ ಹಾದಿಯಲ್ಲಿ ನಡೆದು ನಿಧಾನಗತಿಯ ಅಪಖ್ಯಾತಿ ಪಡೆಯಿತು. 1990ರ ದಶಕದಲ್ಲಿ ಜರ್ಮನಿಯ ಯೋಖೆನ್ ಲೀಟ್ಕೆ ತಮ್ಮ ಎಲ್4 ಕರ್ನೆಲ್ ಮೂಲಕ ಸಂದೇಶ ರವಾನೆಯನ್ನು ಬಹಳ ವೇಗಗೊಳಿಸಿದರು. 2009ರಲ್ಲಿ ಆಸ್ಟ್ರೇಲಿಯದ ನಿಕ್ಟಾ ಸಂಸ್ಥೆ ಸುಮಾರು 8,700 ಸಾಲುಗಳ ಎಸ್‌ಇಎಲ್4 ಕರ್ನೆಲ್ ತನ್ನ ವಿವರಣೆಗೆ ತಕ್ಕಂತೆಯೇ ನಡೆಯುತ್ತದೆ ಎಂಬುದನ್ನು ಗಣಿತೀಯವಾಗಿ ಸಾಧಿಸಿತು. ಯಂತ್ರಾಂಶ ಸರಿಯಾಗಿದೆ ಎಂಬುದು ಆ ಸಾಧನೆಯ ಪೂರ್ವಷರತ್ತು. 2018ರಲ್ಲಿ ಸಿಡ್ನಿಯ ಸಂಶೋಧಕರು ಲಿನಕ್ಸ್‌ನ 115 ತೀವ್ರ ಲೋಪಗಳನ್ನು ಪರಿಶೀಲಿಸಿ, ಮೈಕ್ರೋಕರ್ನೆಲ್ ವ್ಯವಸ್ಥೆಯಲ್ಲಿ ಅವುಗಳ ಪೈಕಿ ಶೇ 96ರಷ್ಟು ಆ ತೀವ್ರತೆ ಮುಟ್ಟುತ್ತಿರಲಿಲ್ಲ ಎಂದು ತೋರಿಸಿದರು.

ಬರಿಯ ಕರ್ನೆಲ್‌ನಿಂದ ಸರ್ವರ್ ಆಗುವುದಿಲ್ಲ. ಅದರ ಮೇಲೆ ಓಡುವ ಘಟಕಗಳನ್ನು ಒದಗಿಸುವ ಮುಕ್ತ ತಂತ್ರಾಂಶಗಳಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ಜೆನೋಡ್ ಒಂದು. ಅದನ್ನಾಧರಿಸಿದ ಸ್ಕಲ್ಪ್ಟ್ ಎಂಬ ಆಪರೇಟಿಂಗ್ ಸಿಸ್ಟಮ್ 2018ರಲ್ಲಿ ಹೊರಬಂತು. ಜೆನೋಡ್‌ನಲ್ಲಿ ಯಾವ ಘಟಕಕ್ಕೆ ಎಷ್ಟು ಮೆಮೊರಿ, ಅದು ಯಾವ ಘಟಕದ ಸೇವೆ ಪಡೆಯಬಹುದು ಎಂಬುದನ್ನೆಲ್ಲ ಸಂರಚನಾ ಕಡತದಲ್ಲಿ ಬರೆದಿಡಬೇಕು. ಬರೆಯದ ಹಕ್ಕು ಸಿಗದು. ಕೀಲಿಗೊಂಚಲು ಪೂರ್ತಿ ಕೊಡದೆ ಅಡಿಕೆ ಚೀಲವಿಡುವ ಕೋಣೆಯ ಒಂದೇ ಕೀಲಿ ಕೊಟ್ಟಂತೆ.

ಫೋಟೊ ಬೇಕೆಂಬ ಕೋರಿಕೆ ಬಂದಾಗ ನೆಟ್‌ವರ್ಕ್ ಡ್ರೈವರ್ ಅದನ್ನು ರೌಟರ್ ಘಟಕಕ್ಕೆ ದಾಟಿಸುತ್ತದೆ. ಅಲ್ಲಿಂದ ಅದು ವೆಬ್ ಸರ್ವರ್‌ಗೆ ಹೋಗುತ್ತದೆ. ವೆಬ್ ಸರ್ವರ್ ಕಡತವನ್ನು ಕೇಳುವುದು ಫೈಲ್ ಸಿಸ್ಟಮ್ ಘಟಕವನ್ನು, ಅದು ಡಿಸ್ಕ್ ಡ್ರೈವರನ್ನು. ವೆಬ್ ಸರ್ವರ್‌ಗೆ ಫೋಟೊಗಳ ಫೋಲ್ಡರನ್ನು ಓದುವ ಹಕ್ಕಷ್ಟೇ ಇದ್ದರೆ, ಅದನ್ನು ವಶಪಡಿಸಿಕೊಂಡವನಿಗೂ ಅಷ್ಟೇ ದಕ್ಕುತ್ತದೆ. ಪಹಣಿಯ ಫೋಲ್ಡರ್ ಅವನಿಗೆ ಕಾಣಿಸುವುದೇ ಇಲ್ಲ. ಆದರೆ ಡ್ರೈವರ್‌ಗಳಿಗೆ ಇಂಥ ಕಟ್ಟು ಬಿಗಿಯಾಗಲು ಐಒಎಂಎಂಯು ಎಂಬ ಯಂತ್ರಾಂಶದ ಬೆಂಬಲ ಬೇಕು. ಅದಿಲ್ಲದಿದ್ದರೆ ನೆಟ್‌ವರ್ಕ್ ಕಾರ್ಡ್ ಪ್ರೊಸೆಸರ್‌ನ ಕಣ್ಣು ತಪ್ಪಿಸಿ ಯಾವ ಮೆಮೊರಿಗಾದರೂ ನೇರವಾಗಿ ಬರೆಯಬಲ್ಲದು.

ಈ ರಕ್ಷಣೆಗೆ ತೆರಬೇಕಾದ ಬೆಲೆಯೂ ಇದೆ. ಎಲ್ಲ ಯಂತ್ರಾಂಶಗಳಿಗೂ ಡ್ರೈವರ್ ಸಿಗುವುದಿಲ್ಲ. ಬೆಂಬಲವಿರುವ ಮಾದರಿ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು. ಸಿದ್ಧ ತಂತ್ರಾಂಶಗಳೂ ಕಡಿಮೆಯಾದ್ದರಿಂದ ಅನೇಕ ಸೇವೆಗಳನ್ನು ವರ್ಚುವಲ್ ಯಂತ್ರದೊಳಗೆ ಲಿನಕ್ಸ್ ಕೂರಿಸಿಯೇ ನಡೆಸಬೇಕಾಗುತ್ತದೆ.

ಬಂಟ್ವಾಳ ತಾಲೂಕಿನ ಮೆಲ್ಕಾರ್‌ನಂಥ ಊರಿನಲ್ಲಿ ಕರ್ನೆಲ್ ಬಗೆಹರಿಸಲಾಗದ ತೊಂದರೆಗಳೂ ಉಂಟು. ಮಳೆಗಾಲದ ಹಿಂದುಮುಂದಿನ ಸಿಡಿಲು ಅವುಗಳಲ್ಲಿ ಒಂದು. ಫೈಬರ್‌ನ ಗಾಜಿನ ಎಳೆ ಸಿಡಿಲಿನ ವಿದ್ಯುತ್ತನ್ನು ಒಯ್ಯದು. ಆದರೆ ಮೋಡೆಮ್‌ನ ಅಡಾಪ್ಟರ್ ಮತ್ತು ತಾಮ್ರದ ನೆಟ್‌ವರ್ಕ್ ಕೇಬಲ್ ಒಯ್ಯುತ್ತವೆ. ಆದ್ದರಿಂದ ಗುಡುಗು ಶುರುವಾಗುವ ಮುನ್ನವೇ ಪ್ಲಗ್ ಕಳಚುವುದು ಲೇಸು. ದಿಢೀರನೆ ಕರೆಂಟ್ ಹೋದಾಗ ಬರೆಯುತ್ತಿದ್ದ ಕಡತ ಕೆಡದಂತೆ ಯುಪಿಎಸ್ ಬೇಕು. ಹಲವು ಗ್ರಾಹಕರಿಗೆ ಒಂದೇ ಐಪಿ ವಿಳಾಸ ಹಂಚುವ ಸಂಪರ್ಕವಾದರೆ, ಹೊರಗಿನಿಂದ ಸರ್ವರ್ ತಲುಪಲು ಐಪಿವಿ6 ಅಥವಾ ಟನಲ್ ಬೇಕಾಗುತ್ತದೆ.

ದುರ್ಬಲ ಪಾಸ್‌ವರ್ಡ್‌ಗೂ ಕೆಟ್ಟುಹೋದ ಡಿಸ್ಕ್‌ಗೂ ಮೈಕ್ರೋಕರ್ನೆಲ್ ಮದ್ದಾಗದು. ದಾಖಲೆಗಳ ಇನ್ನೊಂದು ಪ್ರತಿ ಬೇರೊಂದು ಮನೆಯಲ್ಲಿ ಇರಲೇಬೇಕು.