ಕಿವಿಯಿಂದ ನಾಲಿಗೆಗೆ: ಮಕ್ಕಳ ಉಚ್ಚಾರಣೆಯ ಚಿಕಿತ್ಸೆ

ಮಕ್ಕಳಿಗೆ ಎಲ್ಲ ಧ್ವನಿಗಳೂ ಒಟ್ಟಿಗೆ ಒಲಿಯುವುದಿಲ್ಲ. ತುಟಿ ಕೂಡಿಸಿ ಆಡುವ ಪ, ಬ, ಮ ಬೇಗ ಬರುತ್ತವೆ. ನಾಲಿಗೆಯ ಹದ ಬೇಡುವ ರ, ಸ, ಶ, ಳ ಮತ್ತು ಒತ್ತಕ್ಷರಗಳು ತಡವಾಗಿ. ಎರಡೂವರೆ ವರ್ಷದ ಕೂಸು ‘ರೊಟ್ಟಿ’ಗೆ ‘ಲೊಟ್ಟಿ’ ಎಂದರೆ ಚಿಂತಿಸಬೇಕಿಲ್ಲ. ನಾಲ್ಕು ತುಂಬಿದ ಮೇಲೂ ಮಗುವಿನ ಮಾತು ಮನೆಯವರಿಗಷ್ಟೇ ತಿಳಿದು ಹೊರಗಿನವರಿಗೆ ಬಹುಪಾಲು ಅರ್ಥವಾಗದಿದ್ದರೆ, ‘ಕಾಯಿ’ ಇನ್ನೂ ‘ತಾಯಿ’ಯೇ ಆಗಿದ್ದರೆ, ವಾಕ್ ಚಿಕಿತ್ಸಕರಿಗೆ ತೋರಿಸುವುದು ಒಳ್ಳೆಯದು.

ಇಂಥ ಮಗುವಿಗೆ ‘ನಾಲಿಗೆ ದಪ್ಪ’ ಎಂದು ಹೇಳಿಬಿಡುವುದುಂಟು, ಬಜೆ ತೇಯ್ದು ಸವರುವುದೂ ಉಂಟು. ಆದರೆ ಹೆಚ್ಚಿನ ಮಕ್ಕಳ ನಾಲಿಗೆಯಲ್ಲಿ ಯಾವ ಊನವೂ ಇರುವುದಿಲ್ಲ. ಸೀಳು ಅಂಗುಳದಂಥ ಕಾರಣಗಳು ಕೆಲವರಲ್ಲಿ ಮಾತ್ರ. ಆದ್ದರಿಂದ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ: ಸರಿಯಾಗಿ ಕೇಳಿಸದ ಧ್ವನಿಯನ್ನು ಸರಿಯಾಗಿ ಆಡುವುದು ಬಲು ಕಷ್ಟ.

ನಂತರ ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುತ್ತಾರೆ. ಯಾವ ಧ್ವನಿ, ಪದದ ಯಾವ ಜಾಗದಲ್ಲಿ ತಪ್ಪುತ್ತಿದೆ ಎಂಬುದು ಇದರಿಂದ ತಿಳಿಯುತ್ತದೆ. ಇಂಗ್ಲಿಷಿನ ಪರೀಕ್ಷೆಗಳು ಇಲ್ಲಿ ಸಾಲವು. ಳ, ಣ ಅವುಗಳಲ್ಲಿಲ್ಲ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ತಜ್ಞರು ಕನ್ನಡಕ್ಕೇ ಹೊಂದುವ ಉಚ್ಚಾರಣಾ ಪರೀಕ್ಷೆಯನ್ನು 1970ರ ದಶಕದಲ್ಲೇ ರೂಪಿಸಿದರು. ಇಲ್ಲೊಂದು ಎಚ್ಚರ ಬೇಕು. ಹಳೆ ಮೈಸೂರಿನ ಹಳ್ಳಿಯ ಮಗು ‘ಹಾಲು’ ಎನ್ನದೆ ‘ಆಲು’ ಎಂದರೆ ಅದು ಮನೆಮಾತು. ಅದನ್ನು ದೋಷವೆಂದು ಬರೆದುಕೊಳ್ಳುವುದು ಮಗುವಿಗೂ ಅದರ ಮನೆಗೂ ಮಾಡುವ ಅನ್ಯಾಯ.

ಚಿಕಿತ್ಸೆ ಹಲವು ವೇಳೆ ಕೇಳಿಸಿಕೊಳ್ಳುವುದರಿಂದಲೇ ತೊಡಗುತ್ತದೆ. ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ರೂಢಿಗೆ ತಂದ ಕ್ರಮದಲ್ಲಿ ಮಗು ಮೊದಲು ಸರಿ ಧ್ವನಿಯನ್ನೂ ತಪ್ಪು ಧ್ವನಿಯನ್ನೂ ಕಿವಿಯಿಂದ ಬೇರ್ಪಡಿಸುತ್ತದೆ. ಆಮೇಲೆ ಬಿಡಿ ಧ್ವನಿ, ಅಕ್ಷರ, ಪದ, ವಾಕ್ಯ, ಮಾತುಕತೆ ಎಂದು ಮೇಲೇರುತ್ತದೆ. ಕ ಬದಲು ತ ಎನ್ನುವ ಮಗುವಿನ ನಾಲಿಗೆಯ ತುದಿ ಹಲ್ಲಿನ ಕಡೆ ಏಳುತ್ತಿರುತ್ತದೆ. ಕನ್ನಡಿಯ ಮುಂದೆ ಕೂರಿಸಿ, ಆ ತುದಿಯನ್ನು ಮೆಲ್ಲಗೆ ಕೆಳಗೆ ಒತ್ತಿ ಹಿಡಿದಾಗ ಹಿಂಭಾಗ ತಾನೇ ಏಳುವುದುಂಟು. ಕ ಹೊರಡುವುದು ಅಲ್ಲಿಂದ. ‘ಕಲೆ–ತಲೆ’, ‘ಹಲ್ಲಿ–ಹಳ್ಳಿ’, ‘ಕಾರು–ಕಾಲು’ ಚಿತ್ರಜೋಡಿಗಳ ಆಟ ಇನ್ನೂ ಸೊಗಸು. ಹಳ್ಳಿಯ ಚಿತ್ರ ಕೇಳಿದ ಮಗುವಿನ ಕೈಗೆ ಹಲ್ಲಿಯ ಚಿತ್ರ ಬಂದಾಗ, ಧ್ವನಿ ಬದಲಾದರೆ ಅರ್ಥವೂ ಬದಲಾಗುತ್ತದೆ ಎಂಬುದು ಅದಕ್ಕೇ ಹೊಳೆಯುತ್ತದೆ. ಮೇಣದಬತ್ತಿ ಊದಿಸುವುದು, ನಾಲಿಗೆಯನ್ನು ಸುಮ್ಮನೆ ಆಚೀಚೆ ಆಡಿಸುವುದು ಉಚ್ಚಾರಣೆಯನ್ನು ತಿದ್ದುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಚಿಕಿತ್ಸಕರೆದುರು ಸರಿಯಾದ ಧ್ವನಿ ಮನೆಯಲ್ಲಿ ಮತ್ತೆ ಜಾರುವುದು ಸಹಜ. ಅದಕ್ಕೇ ದಿನಕ್ಕೆ ಸ್ವಲ್ಪ ಹೊತ್ತಿನ ಅಭ್ಯಾಸವನ್ನು ಮನೆಯವರಿಗೆ ವಹಿಸುತ್ತಾರೆ. ಮಗು ‘ತಾಗೆ ಬಂತು’ ಎಂದರೆ ಅಣಕಿಸದೆ, ಹತ್ತು ಸಲ ಹೇಳಿಸದೆ, ‘ಹೌದು, ಕಾಗೆ ಬಂತು’ ಎಂದು ಸರಿ ರೂಪವನ್ನು ಕೇಳಿಸಿ ಮಾತು ಮುಂದುವರಿಸಬೇಕು.